ಉತ್ತರ ಗೊತ್ತಿರುವ ಲೆಕ್ಕದಿಂದ ಶುರು ಮಾಡಿ: ಎಂಎನ್ಇ-ಪೈಥಾನ್‌ನಲ್ಲಿ ಇಇಜಿ ನೋಡುವುದು ಹೇಗೆ

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನಾನು ಇಇಜಿ ಟೆಕ್ನಿಷಿಯನ್. ಇಇಜಿ ಅಂದರೆ ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು. ಬಯೋಮೆಡಿಕಲ್ ಓದುವವರು, ಸೈಕಾಲಜಿ ಎಂಎಸ್ಸಿ ಮಾಡುವವರು ಪ್ರಾಜೆಕ್ಟ್ ಅಂತ ನಮ್ಮ ಲ್ಯಾಬಿಗೆ ಆಗಾಗ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಮೇಡಂ, ಇಇಜಿ ಅನಾಲಿಸಿಸ್‌ಗೆ ಫ್ರೀ ಸಾಫ್ಟ್‌ವೇರ್ ಯಾವುದಿದೆ?" ಹೆಸರು ಹೇಳಿದ ಕೂಡಲೇ ಮುಂದಿನ ಪ್ರಶ್ನೆ: "ಅದರಲ್ಲಿ ಫಿಟ್ಸ್ ಕಂಡುಹಿಡಿಯುವ ಮಾಡೆಲ್ ಕಟ್ಟೋದು ಹೇಗೆ?" ಅಲ್ಲಿಗೆ ಹೋಗುವ ಮೊದಲು ನಾನು ಅವರಿಗೆ ಒಂದು ಚಿಕ್ಕ ಕೆಲಸ ಕೊಡುತ್ತೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೆಲಸ ಇಷ್ಟು. ಒಬ್ಬರು ಕಣ್ಣು ತೆರೆದು ಕೂತಾಗಿನ ಒಂದು ನಿಮಿಷದ ಇಇಜಿ ಇದೆ. ಅದೇ ವ್ಯಕ್ತಿ ಕಣ್ಣು ಮುಚ್ಚಿ ಕೂತಾಗಿನ ಇನ್ನೊಂದು ನಿಮಿಷವೂ ಇದೆ. ಎರಡನ್ನೂ ಹೋಲಿಸಿ, ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆ ಏಳುವುದನ್ನು ತೋರಿಸಬೇಕು. ಇದು ಹೊಸ ಸಂಗತಿ ಏನಲ್ಲ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಇಇಜಿ ತೆಗೆದರು, 1929ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ ಸುಮಾರು ಹತ್ತು ಸಲ ಏಳುವ ಈ ಅಲೆಯನ್ನು ಗುರುತಿಸಿದವರು ಅವರೇ. ತುಂಬ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮತ್ತೆ ಮಾಡಿ ತೋರಿಸಿದ ಮೇಲೆ ಮಾತು ನಿಂತಿತು.

ಉತ್ತರ ಮೊದಲೇ ಗೊತ್ತಿರುವುದರಿಂದಲೇ ನಾನು ಇದನ್ನು ಕೊಡುವುದು. ತಕ್ಕಡಿ ಸರಿಯಿದೆಯಾ ಅಂತ ನೋಡಲು ಮೊದಲು ತೂಕದ ಕಲ್ಲನ್ನೇ ಇಟ್ಟು ತೂಗುತ್ತಾರಲ್ಲ, ಹಾಗೆ. ಫೈಲ್ ಓದಿದ್ದು, ಚಾನಲ್ (ಒಂದೊಂದು ಎಲೆಕ್ಟ್ರೋಡಿನ ಗೆರೆ) ಹೆಸರು, ಫಿಲ್ಟರ್, ಲೆಕ್ಕ, ಚಿತ್ರ: ಇಷ್ಟರಲ್ಲಿ ಎಲ್ಲಿ ತಪ್ಪಿದರೂ ಆಲ್ಫಾ ಬರಬೇಕಾದ ಜಾಗದಲ್ಲಿ ಬರುವುದಿಲ್ಲ. ಉತ್ತರ ಗೊತ್ತಿಲ್ಲದ ಡೇಟಾದಲ್ಲಿ ಅದೇ ತಪ್ಪಾದರೆ ನಿಮಗೆ ತಿಳಿಯುವುದೇ ಇಲ್ಲ.

ಯಾವ ಸಾಫ್ಟ್‌ವೇರ್ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಇಇಜಿಲ್ಯಾಬ್ ಹಳೆಯದು, ಒಳ್ಳೆಯದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೆಲೋರ್ಮ್ ಮತ್ತು ಮೇಕಿಗ್ ಕಟ್ಟಿದ್ದು, ಅದರ ಪೇಪರ್ ಬಂದದ್ದು 2004ರಲ್ಲಿ. ಫೀಲ್ಡ್‌ಟ್ರಿಪ್ ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನದ್ದು. ಇವೆರಡೂ ಉಚಿತ, ಆದರೆ ಸಾಮಾನ್ಯವಾಗಿ ಮ್ಯಾಟ್‌ಲ್ಯಾಬ್ ಒಳಗೆ ಓಡುತ್ತವೆ, ಮ್ಯಾಟ್‌ಲ್ಯಾಬ್‌ಗೆ ದುಡ್ಡು ಕೊಡಬೇಕು. ಕೋಡ್ ಬರೆಯುವುದೇ ಬೇಡ ಅನ್ನುವವರಿಗೆ ಬ್ರೈನ್‌ಸ್ಟಾರ್ಮ್ ಇದೆ. ಬಟನ್ ಒತ್ತುತ್ತಾ ಹೋಗಬಹುದು, ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲದೆಯೂ ನಡೆಯುತ್ತದೆ. ನಾನು ಹೇಳಿಕೊಡುವುದು ಎಂಎನ್ಇ-ಪೈಥಾನ್. ಫಿನ್‌ಲ್ಯಾಂಡ್‌ನ ಮಟ್ಟಿ ಹಮಲೈನೆನ್ ಸಿ ಭಾಷೆಯಲ್ಲಿ ಬರೆದಿದ್ದ ಎಂಎನ್ಇ ಅನ್ನು ಆಧಾರವಾಗಿಟ್ಟುಕೊಂಡು ಅಲೆಕ್ಸಾಂಡರ್ ಗ್ರಾಮ್‌ಫೋರ್ ಮತ್ತು ಜೊತೆಗಾರರು ಪೈಥಾನ್‌ನಲ್ಲಿ ಬೆಳೆಸಿದ್ದು. ಅದರ ಪೇಪರ್ 2013ರದ್ದು. ಬಿಎಸ್‌ಡಿ ಲೈಸೆನ್ಸ್, ಒಂದು ಪೈಸೆ ಖರ್ಚಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಒಳಗೆ ಏನು ಲೆಕ್ಕ ನಡೆಯುತ್ತಿದೆ ಅಂತ ತೆರೆದು ಓದಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ರೋಗಿಯ ಮಿದುಳಿನ ಬಗ್ಗೆ ಮಾತಾಡುವ ಸಾಫ್ಟ್‌ವೇರ್ ತನ್ನ ಲೆಕ್ಕ ಮುಚ್ಚಿಡಬಾರದು.

ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ಒಂದೇ ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ. "ರಾ ಡಾಟ್ ಪ್ಲಾಟ್" ಅಂದರೆ ನಡುವೆ ಚುಕ್ಕಿ, ಕೊನೆಗೆ ಬ್ರಾಕೆಟ್.

ಇನ್‌ಸ್ಟಾಲ್ ಮಾಡಲು ಎರಡು ದಾರಿ ಇವೆ. ಪೈಥಾನ್ ಗೊತ್ತಿರುವವರು ಹೊಸ ಎನ್ವಿರಾನ್‌ಮೆಂಟ್ ಮಾಡಿ, ಪಿಪ್ ಇನ್‌ಸ್ಟಾಲ್ ಎಂಎನ್ಇ ಅನ್ನಿ. ಜೊತೆಗೆ ಸೈಕಿಟ್-ಲರ್ನ್ ಮತ್ತು ಎಂಎನ್ಇ-ಕ್ಯೂಟಿ-ಬ್ರೌಸರ್ ಹಾಕಿಕೊಳ್ಳಿ. ಮೊದಲನೆಯದು ಐಸಿಎಗೆ (ಮಿಟುಕಿನಂಥ ಕೊಳೆಯನ್ನು ಬೇರೆ ಮಾಡುವ ವಿಧಾನ, ಮುಂದೆ ಬರುತ್ತದೆ) ಬೇಕು, ಎರಡನೆಯದರಿಂದ ಟ್ರೇಸ್, ಅಂದರೆ ಅಲೆಯ ಗೆರೆ, ಸಲೀಸಾಗಿ ಸರಿಯುತ್ತದೆ. ಪೈಥಾನ್ ಗೊತ್ತಿಲ್ಲದವರು ಎಂಎನ್ಇಯವರೇ ಕೊಡುವ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಗೂಗಲ್ ಕೊಲ್ಯಾಬ್‌ನಲ್ಲೂ ಲೆಕ್ಕ ನಡೆಯುತ್ತದೆ, ಆದರೆ ಅಲ್ಲಿ ಟ್ರೇಸನ್ನು ಮೌಸ್‌ನಿಂದ ಸರಿಸಿ ನೋಡಲು ಆಗುವುದಿಲ್ಲ. ಈ ಕೆಲಸಕ್ಕೆ ನೋಡುವುದೇ ಮುಖ್ಯ, ಹಾಗಾಗಿ ನಿಮ್ಮ ಸ್ವಂತ ಕಂಪ್ಯೂಟರೇ ವಾಸಿ.

ಡೇಟಾಗೆ ಯಾರ ಹತ್ತಿರವೂ ಬೇಡಬೇಕಿಲ್ಲ. ಫಿಸಿಯೋನೆಟ್ ಎನ್ನುವ ವೆಬ್‌ಸೈಟಿನಲ್ಲಿ 109 ಸ್ವಯಂಸೇವಕರ ಇಇಜಿ ಮುಕ್ತವಾಗಿ ಸಿಗುತ್ತದೆ. ಬಿಸಿಐ2000 ಎನ್ನುವ ವ್ಯವಸ್ಥೆಯಲ್ಲಿ 64 ಚಾನಲ್‌ಗಳಲ್ಲಿ ತೆಗೆದದ್ದು, ಸೆಕೆಂಡಿಗೆ 160 ಸ್ಯಾಂಪಲ್. ಒಬ್ಬೊಬ್ಬರಿಗೆ 14 ರನ್ (ಬೇರೆ ಬೇರೆ ರೆಕಾರ್ಡಿಂಗ್) ಇವೆ. 1ನೇ ರನ್ ಕಣ್ಣು ತೆರೆದು, 2ನೇ ರನ್ ಕಣ್ಣು ಮುಚ್ಚಿ, ತಲಾ ಒಂದು ನಿಮಿಷ. ನಮಗೆ ಬೇಕಾದ್ದು ಇವೆರಡೇ. ಎಂಎನ್ಇಯ ಡೇಟಾಸೆಟ್ಸ್ ಒಳಗೆ ಇಇಜಿಬಿಸಿಐ ಅಂತ ಒಂದಿದೆ. ಅದರ ಲೋಡ್ ಡೇಟಾ ಫಂಕ್ಷನ್‌ಗೆ ವ್ಯಕ್ತಿಯ ಸಂಖ್ಯೆ 1, ರನ್ 1 ಮತ್ತು 2 ಅಂತ ಕೊಟ್ಟರೆ ಎರಡು ಇಡಿಎಫ್ (ಇಇಜಿ ಉಳಿಸಿಡುವ ಸಾಮಾನ್ಯ ಫೈಲ್ ಬಗೆ) ಫೈಲ್ ಇಳಿಯುತ್ತವೆ. ಒಂದೊಂದೂ ಒಂದು ಎಂಬಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಈಗ ಎಂಎನ್ಇ ಡಾಟ್ ಐಒ ಡಾಟ್ ರೀಡ್ ರಾ ಇಡಿಎಫ್‌ನಿಂದ ಎರಡೂ ಫೈಲ್ ಓದಿ. ಪ್ರೀಲೋಡ್ ಟ್ರೂ ಅಂತ ಕೊಡಿ (ಟ್ರೂನ ಮೊದಲ ಅಕ್ಷರ ಮಾತ್ರ ದೊಡ್ಡದು), ಇಲ್ಲದಿದ್ದರೆ ಫಿಲ್ಟರ್ ಮಾಡುವಾಗ ತಕರಾರು ಬರುತ್ತದೆ. ಒಂದಕ್ಕೆ "ತೆರೆದ", ಇನ್ನೊಂದಕ್ಕೆ "ಮುಚ್ಚಿದ" ಅಂತ ಅರ್ಥವಾಗುವ ಹೆಸರಿಡಿ. ಆಮೇಲೆ ಸುಮ್ನೆ ಪ್ರಿಂಟ್ ಮಾಡಿ ನೋಡಿ: 64 ಚಾನಲ್ ಇದೆಯಾ, 160 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಅನ್ನುವ ಅಳತೆ) ಇದೆಯಾ, ಉದ್ದ ಸುಮಾರು 60 ಸೆಕೆಂಡ್ ಇದೆಯಾ? ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಇದೇ ಸಂಗ್ರಹದ 88, 92, 100ನೇ ವ್ಯಕ್ತಿಗಳ ಫೈಲ್ 128 ಹರ್ಟ್ಸ್‌ನಲ್ಲಿವೆ. ಎಲ್ಲರನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕಿದರೆ ಅಲ್ಲಿ ಎಡವುತ್ತೀರಿ.

ಈ ಫೈಲ್‌ಗಳಲ್ಲಿ ಚಾನಲ್ ಹೆಸರಿನ ಕೊನೆಗೆ ಚುಕ್ಕಿಗಳಿರುತ್ತವೆ. ಇಇಜಿಬಿಸಿಐನ ಸ್ಟ್ಯಾಂಡರ್ಡೈಸ್ ಫಂಕ್ಷನ್ ಅದನ್ನು ಸರಿಮಾಡುತ್ತದೆ. ಆಮೇಲೆ ಸೆಟ್ ಮಾಂಟಾಜ್‌ಗೆ ಸ್ಟ್ಯಾಂಡರ್ಡ್ 1005 ಅಂತ ಕೊಡಿ. ಆಗ ಯಾವ ಎಲೆಕ್ಟ್ರೋಡ್ ತಲೆಯ ಯಾವ ಜಾಗದಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುತ್ತದೆ. ಇಲ್ಲಿ ಮಾಂಟಾಜ್ ಅಂದರೆ ಬರೀ ಎಲೆಕ್ಟ್ರೋಡ್ ಇರುವ ಜಾಗದ ನಕ್ಷೆ. ಆಸ್ಪತ್ರೆಯಲ್ಲಿ ನಾವು ಬೈಪೋಲಾರ್ (ಪಕ್ಕಪಕ್ಕದ ಎರಡು ಎಲೆಕ್ಟ್ರೋಡಿನ ವ್ಯತ್ಯಾಸ), ರೆಫರೆನ್ಷಿಯಲ್ (ಎಲ್ಲವನ್ನೂ ಒಂದೇ ಆಧಾರಕ್ಕೆ ಹೋಲಿಸಿದ್ದು) ಅನ್ನುವ ಮಾಂಟಾಜ್ ಬೇರೆ. ನನ್ನ ಹಾಗೆ ಲ್ಯಾಬಿನಿಂದ ಬಂದವರು ಇದನ್ನು ನೆನಪಿಡಿ.

ಇನ್ನು ಮುಖ್ಯ ಹೆಜ್ಜೆ. ಮುಂದೆ "ರಾ" ಅಂದ ಕಡೆಯೆಲ್ಲ ನೀವು ಫೈಲಿಗೆ ಇಟ್ಟ ಹೆಸರು ಹಾಕಿ. ರಾ ಡಾಟ್ ಪ್ಲಾಟ್. ಬೇರೆ ಏನನ್ನೂ ಒತ್ತಬೇಡಿ, ಮೊದಲು ಪೂರ್ತಿ ಒಂದು ನಿಮಿಷ ಕಣ್ಣಿನಿಂದ ನೋಡಿ.

ಹತ್ತು ಸೆಕೆಂಡಿನ ಪುಟ ತೆರೆಯುತ್ತದೆ, ಇಪ್ಪತ್ತು ಚಾನಲ್ ಕಾಣುತ್ತವೆ. ಬಾಣದ ಕೀಗಳಿಂದ ಮುಂದೆ, ಕೆಳಗೆ ಹೋಗಿ. ಪ್ಲಸ್, ಮೈನಸ್ ಒತ್ತಿದರೆ ಅಲೆಯ ಎತ್ತರ ಬದಲಾಗುತ್ತದೆ. ಮೊದಲು ಹಣೆಯ ಎಫ್‌ಪಿ1, ಎಫ್‌ಪಿ2 ಹುಡುಕಿ. ಬೆಸ ಸಂಖ್ಯೆ ಎಡಗಡೆ, ಸಮ ಸಂಖ್ಯೆ ಬಲಗಡೆ. ಕಣ್ಣು ತೆರೆದ ಫೈಲಿನಲ್ಲಿ ಅಲ್ಲಿ ದೊಡ್ಡ ದೊಡ್ಡ ಉಬ್ಬು ಕಾಣುತ್ತವೆ. ಅವು ಕಣ್ಣು ಮಿಟುಕಿಸಿದ್ದು. ಕಣ್ಣುಗುಡ್ಡೆಯ ಮುಂಭಾಗ ಹಿಂಭಾಗಕ್ಕಿಂತ ಪಾಸಿಟಿವ್ ಆಗಿರುತ್ತದೆ. ರೆಪ್ಪೆ ಮುಚ್ಚುವಾಗ ಆ ಪಾಸಿಟಿವ್ ಹಣೆಯ ಎಲೆಕ್ಟ್ರೋಡಿಗೆ ತಾಗುತ್ತದೆ. ಇಲ್ಲಿ ನಮ್ಮಂಥವರಿಗೆ ಒಂದು ಎಚ್ಚರಿಕೆ. ಆಸ್ಪತ್ರೆ ಇಇಜಿಯಲ್ಲಿ ನೆಗೆಟಿವ್ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಮಿಟುಕು ಕೆಳಕ್ಕೆ ಬೀಳುವುದನ್ನು ನೋಡಿ ನಮ್ಮ ಕಣ್ಣಿಗೆ ರೂಢಿ. ಎಂಎನ್ಇಯಲ್ಲಿ ಪಾಸಿಟಿವ್ ಮೇಲಕ್ಕೆ. ಮಿಟುಕು ಮೇಲಕ್ಕೆ ಏಳುತ್ತದೆ. ಸ್ಪೈಕ್ (ಫಿಟ್ಸ್ ಸೂಚಿಸುವ ಚೂಪು ಅಲೆ) ನೋಡುವಾಗಲೂ ಇದೇ ಉಲ್ಟಾ.

ಆಮೇಲೆ ಕಿವಿಯ ಹತ್ತಿರದ ಟಿ7, ಟಿ8 ನೋಡಿ. ಗೆರೆ ದಪ್ಪಗೆ, ನವಿರೆದ್ದ ಹಾಗೆ ಕಂಡರೆ ಅದು ದವಡೆ ಬಿಗಿದ ಸ್ನಾಯು. ಒಂದೇ ಚಾನಲ್ ಮಾತ್ರ ಥಟ್ಟನೆ ಜಿಗಿದು ನಿಧಾನ ಇಳಿದರೆ ಆ ಎಲೆಕ್ಟ್ರೋಡ್ ಸರಿಯಾಗಿ ಕೂತಿಲ್ಲ. ನಮ್ಮ ಕಡೆ ಇದಕ್ಕೆ ಮುಕ್ಕಾಲು ಪಾಲು ಕಾರಣ ಕೊಬ್ಬರಿ ಎಣ್ಣೆ. ತಲೆಗೆ ಎಣ್ಣೆ ಹಚ್ಚದೆ, ಶಾಂಪೂ ಹಾಕಿ ತೊಳೆದುಕೊಂಡು ಬನ್ನಿ ಅಂತ ಚೀಟಿಯಲ್ಲಿ ಬರೆದು ಕೊಟ್ಟರೂ, ಆಸ್ಪತ್ರೆಗೆ ಹೋಗುವಾಗ ತಲೆ ಬಾಚದೆ ಹೋಗುವುದೇ ಅಂತ ಅಜ್ಜಿಯಂದಿರು ಎಣ್ಣೆ ಹಚ್ಚಿ ಜಡೆ ಹೆಣೆದೇ ಮಕ್ಕಳನ್ನು ಕಳಿಸುತ್ತಾರೆ. ಆಗ ಸ್ಪಿರಿಟ್‌ನಲ್ಲಿ ಒರೆಸಿ, ಜೆಲ್‌ನಿಂದ ಉಜ್ಜಿ, ಇಂಪೀಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ತಡೆ) 5 ಕಿಲೋಓಮ್‌ಗಿಂತ ಕೆಳಗೆ ಬರುವವರೆಗೆ ಕೂರಬೇಕು. ಈ ಹೊತ್ತಿನಲ್ಲಿ ಅವಸರ ಮಾಡಿದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು.

ಕೆಟ್ಟ ಚಾನಲ್ ಕಂಡರೆ ಅದರ ಮೇಲೆ ಕ್ಲಿಕ್ ಮಾಡಿ, ಬೂದು ಬಣ್ಣಕ್ಕೆ ತಿರುಗಿ "ಬ್ಯಾಡ್" ಪಟ್ಟಿಗೆ ಸೇರುತ್ತದೆ. ಕೆಟ್ಟ ಹೊತ್ತು ಕಂಡರೆ "ಎ" ಕೀ ಒತ್ತಿ, ಮೌಸ್ ಎಳೆದು ಗುರುತು ಹಾಕಿ. ಬ್ಯಾಡ್ ಎಂದು ಶುರುವಾಗುವ ಗುರುತನ್ನು ಎಂಎನ್ಇ ಮುಂದೆ ಲೆಕ್ಕದಿಂದ ತಾನೇ ಬಿಡುತ್ತದೆ.

ಈಗ ಕಣ್ಣು ಮುಚ್ಚಿದ ಫೈಲ್ ತೆರೆಯಿರಿ. ನೇರ ತಲೆಯ ಹಿಂದಿನ ಒ1, ಒ2, ಒಝೆಡ್‌ಗೆ ಹೋಗಿ. ಒಂದು ಸೆಕೆಂಡಿನ ಜಾಗದಲ್ಲಿ ಏರಿಳಿತ ಎಷ್ಟು ಅಂತ ಬೆರಳಿಟ್ಟು ಎಣಿಸಿ. ಎಂಟರಿಂದ ಹದಿಮೂರರ ನಡುವೆ ಬರುವ, ಒಂದೇ ಲಯದ ಅಲೆ ಸ್ವಲ್ಪ ಹೊತ್ತು ಏರಿ, ಸ್ವಲ್ಪ ಹೊತ್ತು ಇಳಿದು ಮತ್ತೆ ಏರುತ್ತದೆ. ಅದೇ ಆಲ್ಫಾ. ಬರ್ಗರ್ ಕಾಗದದ ಮೇಲೆ ನೋಡಿದ್ದೂ ಇದನ್ನೇ. ಲೆಕ್ಕ ಮಾಡುವ ಮೊದಲೇ ನಿಮ್ಮ ಕಣ್ಣಿಗೆ ಇದು ಸಿಗಬೇಕು. ಕೆಲವರಲ್ಲಿ ಆಲ್ಫಾ ಹುಟ್ಟಾ ಕಡಿಮೆ ಇರುತ್ತದೆ, ಅದು ರೋಗ ಅಲ್ಲ. ಹಾಗೇನಾದರೂ ಅನ್ನಿಸಿದರೆ ಇನ್ನಿಬ್ಬರು ಮೂವರ ಫೈಲ್ ಇಳಿಸಿ ನೋಡಿ. ಯಾರಲ್ಲೂ ಕಾಣದಿದ್ದರೆ ಮಾತ್ರ ನಿಮ್ಮ ಹೆಜ್ಜೆಗಳನ್ನು ಅನುಮಾನಿಸಿ.

ಕಣ್ಣಿನಿಂದ ನೋಡಿದ ಮೇಲೆ ಫಿಲ್ಟರ್. 1ರಿಂದ 40 ಹರ್ಟ್ಸ್ ಇಟ್ಟುಕೊಳ್ಳಿ. ರಾ ಡಾಟ್ ಫಿಲ್ಟರ್ ಅಂದರೆ ಮೂಲವೇ ಬದಲಾಗುತ್ತದೆ, ಹಾಗಾಗಿ ಮೊದಲು ಕಾಪಿ ಮಾಡಿ, ಕಾಪಿಯ ಮೇಲೆ ಫಿಲ್ಟರ್ ಹಾಕಿ. ಆಗ ಪರದೆಯ ಮೇಲೆ ಒಂದಷ್ಟು ಸಾಲು ಬರುತ್ತವೆ. ಅದನ್ನು ಓದಿ. ಎಫ್‌ಐಆರ್ ಫಿಲ್ಟರ್, ಝೀರೋ ಫೇಸ್, ಉದ್ದ ಸುಮಾರು 3.3 ಸೆಕೆಂಡ್ ಅಂತ ಇರುತ್ತದೆ. ಝೀರೋ ಫೇಸ್ ಅಂದರೆ ಅಲೆ ಹಿಂದೆ ಮುಂದೆ ಜರುಗುವುದಿಲ್ಲ. ಫೈಲಿನ ತುದಿಯ ಒಂದೆರಡು ಸೆಕೆಂಡನ್ನು ಅಷ್ಟಾಗಿ ನಂಬಬೇಡಿ. ಪ್ರಾಜೆಕ್ಟ್ ವರದಿಯಲ್ಲಿ ಈ ವಿವರಗಳನ್ನು ಬರೆಯಲೇಬೇಕು, "ಫಿಲ್ಟರ್ ಮಾಡಲಾಯಿತು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಈ ಡೇಟಾ ಅಮೆರಿಕದ್ದು. ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ನಮ್ಮ ಫೈಲ್ ಆಗಿದ್ದರೆ ಕರೆಂಟಿನ ಗದ್ದಲ ತೆಗೆಯುವ ನಾಚ್ ಫಿಲ್ಟರ್ 50ಕ್ಕೆ ಹಾಕಬೇಕು. ಈಗ 40ಕ್ಕೇ ಕತ್ತರಿಸಿದ್ದರಿಂದ ನಾಚ್ ಬೇಕಿಲ್ಲ. ಆಮೇಲೆ ಸೆಟ್ ಇಇಜಿ ರೆಫರೆನ್ಸ್‌ಗೆ ಆವರೇಜ್ ಅಂತ ಕೊಡಿ, ಆಗ ಎಲ್ಲ ಚಾನಲ್‌ಗಳ ಸರಾಸರಿಯನ್ನು ಪ್ರತಿ ಚಾನಲ್‌ನಿಂದ ಕಳೆಯುತ್ತದೆ. ಕೆಟ್ಟ ಚಾನಲ್‌ಗಳನ್ನು ಇದಕ್ಕಿಂತ ಮೊದಲೇ ಗುರುತು ಹಾಕಿರಬೇಕು, ಇಲ್ಲದಿದ್ದರೆ ಒಂದರ ಕೊಳೆ ಎಲ್ಲ ಚಾನಲ್‌ಗೂ ಹಂಚಿಹೋಗುತ್ತದೆ.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಐಸಿಎ ಮಾಡಲು ಹೊರಡುತ್ತಾರೆ. ಕಣ್ಣಿನ ಮಿಟುಕನ್ನು ಬೇರೆ ಮಾಡಿ ತೆಗೆಯುವ ವಿಧಾನ ಅದು, ನಿಜವಾಗಿಯೂ ಒಳ್ಳೆಯದು. ಆದರೆ ಈ ಲೆಕ್ಕಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಿಟುಕಿನ ಹೆಚ್ಚಿನ ಪಾಲು ಹಣೆಯ ಹತ್ತಿರ ಇದೆ, 4 ಹರ್ಟ್ಸ್‌ಗಿಂತ ಕೆಳಗಿದೆ. ನಾವು ನೋಡುತ್ತಿರುವುದು ತಲೆಯ ಹಿಂದೆ, 8ರಿಂದ 13 ಹರ್ಟ್ಸ್. ಜೊತೆಗೆ ಕಣ್ಣು ತೆರೆದ ಫೈಲಿನಿಂದ ಒಂದಷ್ಟು ತೆಗೆದು, ಮುಚ್ಚಿದ ಫೈಲಿನಿಂದ ಬೇರೆ ಏನೋ ತೆಗೆದರೆ ಹೋಲಿಕೆಯೇ ಕೆಡುತ್ತದೆ. ಮುಂದೆ ಬೇಕಾದಾಗ ಎರಡು ಫೈಲನ್ನೂ ಜೋಡಿಸಿ ಒಂದೇ ಐಸಿಎ ಮಾಡಿ. ರ್‍ಯಾಂಡಮ್ ಸ್ಟೇಟ್‌ಗೆ ಒಂದು ಸಂಖ್ಯೆ ಕೊಟ್ಟಿಡಿ, ಇಲ್ಲದಿದ್ದರೆ ಪ್ರತಿ ಸಲವೂ ಕಾಂಪೊನೆಂಟ್‌ಗಳ ಕ್ರಮ ಬದಲಾಗಬಹುದು. ತೆಗೆಯುವ ಕಾಂಪೊನೆಂಟಿನ ನಕ್ಷೆ, ಟ್ರೇಸ್ ಎರಡನ್ನೂ ನೋಡಿಯೇ ತೆಗೆಯಿರಿ.

ಈಗ ಲೆಕ್ಕ. ಯಾವ ಹರ್ಟ್ಸ್‌ನಲ್ಲಿ ಎಷ್ಟು ಪವರ್ ಇದೆ ಅಂತ ಹೇಳುವ ಕಂಪ್ಯೂಟ್ ಪಿಎಸ್‌ಡಿ ಕರೆಯಿರಿ, ವಿಧಾನ ವೆಲ್ಚ್ (ತುಂಡು ತುಂಡು ಮಾಡಿ ಸರಾಸರಿ ತೆಗೆಯುವುದು). ಎನ್ ಎಫ್‌ಎಫ್‌ಟಿ 320 ಕೊಡಿ, ಎನ್ ಓವರ್‌ಲ್ಯಾಪ್ 160. ಸೆಕೆಂಡಿಗೆ 160 ಸ್ಯಾಂಪಲ್ ಇರುವುದರಿಂದ 320 ಅಂದರೆ ಎರಡು ಸೆಕೆಂಡಿನ ತುಂಡು. ಆಗ ಅರ್ಧ ಹರ್ಟ್ಸ್‌ಗೆ ಒಂದು ಬಿಂದು ಸಿಗುತ್ತದೆ, ಆಲ್ಫಾ ನೋಡಲು ಧಾರಾಳ. ಏನೂ ಕೊಡದೆ ಬಿಟ್ಟರೆ ತುಂಡು ತುಂಬ ಉದ್ದವಾಗಿ ಗೆರೆ ಮುಳ್ಳುಮುಳ್ಳಾಗಿ ಬರುತ್ತದೆ. ಒ1, ಒಝೆಡ್, ಒ2 ಮಾತ್ರ ಆರಿಸಿ, 1ರಿಂದ 40 ಹರ್ಟ್ಸ್ ಚಿತ್ರ ಬಿಡಿಸಿ. ಕಣ್ಣು ಮುಚ್ಚಿದ ಗೆರೆಯಲ್ಲಿ ಹತ್ತರ ಆಸುಪಾಸಿನಲ್ಲಿ ಗುಡ್ಡ ಏಳಬೇಕು, ತೆರೆದ ಗೆರೆಯಲ್ಲಿ ಅದು ತಗ್ಗಬೇಕು. ಎತ್ತರ ಡೆಸಿಬೆಲ್‌ನಲ್ಲಿದೆ, 10 ಡೆಸಿಬೆಲ್ ವ್ಯತ್ಯಾಸ ಅಂದರೆ ಪವರ್ ಹತ್ತು ಪಟ್ಟು. ಸಂಖ್ಯೆಗಳನ್ನೇ ತೆಗೆದುಕೊಂಡರೆ ಎಂಎನ್ಇ ವೋಲ್ಟ್‌ನಲ್ಲಿ ಕೊಡುತ್ತದೆ, ಮೈಕ್ರೋವೋಲ್ಟ್‌ನಲ್ಲಿ ಅಲ್ಲ. ಸೊನ್ನೆ ಸೊನ್ನೆ ಕಂಡು ಗಾಬರಿಯಾಗಬೇಡಿ, ಪವರ್ ಆದರೆ 10ರ 12ನೇ ಘಾತದಿಂದ ಗುಣಿಸಿ.

ಕೊನೆಗೆ ತಲೆಯ ನಕ್ಷೆ: ಪ್ಲಾಟ್ ಟೋಪೋಮ್ಯಾಪ್. ಡೆಲ್ಟಾ, ಥೀಟಾ, ಆಲ್ಫಾ, ಬೀಟಾ, ಗಾಮಾ ಅಂತ ಸಾಲಾಗಿ ತಲೆಗಳು ಬರುತ್ತವೆ. ಆಲ್ಫಾ ತಲೆಯ ಹಿಂಭಾಗ ಗಾಢವಾಗಿದ್ದರೆ ಸರಿ. ಇಲ್ಲಿ ಒಂದು ಬಲೆ ಇದೆ. ಪ್ರತಿ ಚಿತ್ರವೂ ತನ್ನದೇ ಹೆಚ್ಚು ಕಡಿಮೆಗೆ ತಕ್ಕಂತೆ ಬಣ್ಣ ಹಚ್ಚಿಕೊಳ್ಳುತ್ತದೆ. ಕಣ್ಣು ತೆರೆದ ತಲೆಯಲ್ಲೂ ಹಿಂಭಾಗ ಅಷ್ಟೇ ಗಾಢವಾಗಿ ಕಾಣಬಹುದು, ಬಣ್ಣದ ಪಟ್ಟಿಯ ಸಂಖ್ಯೆ ಮಾತ್ರ ಬೇರೆ. ಎರಡೂ ಆಲ್ಫಾ ನಕ್ಷೆಗೆ ವಿಲಿಮ್ (ಬಣ್ಣದ ಪಟ್ಟಿಯ ಮಿತಿ) ಒಂದೇ ಇಟ್ಟು ಮತ್ತೆ ಬಿಡಿಸಿ. ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಅಲ್ಲಿ ತಿಳಿಯುತ್ತದೆ.

ಇದು ಬಂದರೆ ಅದೇ ಸಂಗ್ರಹದಲ್ಲಿ ಮುಂದಿನ ಲೆಕ್ಕವೂ ಇದೆ. 3, 7, 11ನೇ ರನ್‌ಗಳಲ್ಲಿ ಎಡ ಅಥವಾ ಬಲ ಮುಷ್ಟಿ ಬಿಗಿದು ಬಿಡುತ್ತಾರೆ. ಬಲ ಮುಷ್ಟಿಗೆ ಎಡಗಡೆಯ ಸಿ3ಯಲ್ಲಿ 8ರಿಂದ 13 ಹರ್ಟ್ಸ್ ತಗ್ಗಬೇಕು, ಎಡ ಮುಷ್ಟಿಗೆ ಸಿ4ನಲ್ಲಿ. ಫೈಲಿನಲ್ಲಿ ಟಿ0 ವಿಶ್ರಾಂತಿ, ಟಿ1 ಎಡ, ಟಿ2 ಬಲ. ಆದರೆ 5, 9, 13ನೇ ರನ್‌ಗಳಲ್ಲಿ ಅದೇ ಟಿ1 ಅಂದರೆ ಎರಡೂ ಮುಷ್ಟಿ, ಟಿ2 ಅಂದರೆ ಎರಡೂ ಪಾದ. ಎಲ್ಲ ರನ್ ಒಟ್ಟಿಗೆ ಸೇರಿಸಿ ಮಾಡೆಲ್‌ಗೆ ತುಂಬಿದರೆ ಕಾಲನ್ನು ಬಲಗೈ ಅಂತ ಕಲಿಸಿದ ಹಾಗಾಗುತ್ತದೆ.

ಇನ್ನು ನಿಮ್ಮ ಊರಿನ ಆಸ್ಪತ್ರೆಯ ಫೈಲ್. ರೋಗಿಯ ಒಪ್ಪಿಗೆ, ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲದೆ ಮುಟ್ಟಲೇಬೇಡಿ. ಅನುಮತಿ ಇದ್ದರೆ ಟೆಕ್ನಿಷಿಯನ್ ಹತ್ತಿರ ಇಡಿಎಫ್‌ಗೆ ಎಕ್ಸ್‌ಪೋರ್ಟ್ ಮಾಡಿಕೊಡಲು ಕೇಳಿ. ರೆಫರೆನ್ಷಿಯಲ್ ಆಗಿಯೇ ಬೇಕು ಅಂತ ಹೇಳಿ. ಬೈಪೋಲಾರ್ ಆಗಿ ಬಂದರೆ ಆವರೇಜ್ ರೆಫರೆನ್ಸ್ ಮಾಡಲು ಆಗುವುದಿಲ್ಲ. ಟಿ3, ಟಿ4 ಅಂತ ಹಳೆಯ ಹೆಸರಿದ್ದರೆ ಅವೇ ಇಂದಿನ ಟಿ7, ಟಿ8. ನಮ್ಮ ರೆಕಾರ್ಡಿಂಗ್‌ಗಳಲ್ಲೂ ಕಣ್ಣು ಮುಚ್ಚಿ, ಕಣ್ಣು ಬಿಡಿ ಅಂತ ಹೇಳಿದ ಹೊತ್ತನ್ನು ಟೆಕ್ನಿಷಿಯನ್ ಗುರುತು ಹಾಕಿರುತ್ತಾರೆ. ಅದನ್ನು ಹಿಡಿದು ಮೇಲಿನ ಲೆಕ್ಕವನ್ನೇ ಮೊದಲು ಮಾಡಿ. ಇದು ಕಲಿಕೆಗೆ, ಸಂಶೋಧನೆಗೆ ಮಾತ್ರ. ರಿಪೋರ್ಟ್ ಬರೆಯುವುದು ನರರೋಗ ವೈದ್ಯರ ಕೆಲಸ.

ಇಡಿಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲು ನೋಡಿ. ಮೊದಲ 8 ಬೈಟ್ ಆದ ಮೇಲಿನ 80 ಬೈಟ್ ರೋಗಿಯ ಗುರುತಿಗೆ ಮೀಸಲು. ಹೆಸರು, ಹುಟ್ಟಿದ ದಿನಾಂಕ ಅಲ್ಲಿ ಹಾಗೇ ಕೂತಿರುತ್ತವೆ. ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಕೊಡುವ, ಕೊಲ್ಯಾಬ್‌ಗೆ ಏರಿಸುವ ಫೈಲಿನಲ್ಲಿ ಅದು ಹೋಗಬಾರದು. ಎಂಎನ್ಇಯಲ್ಲಿ ಅನಾನಿಮೈಸ್ ಫಂಕ್ಷನ್ ಇದೆ. ಅದನ್ನು ಓಡಿಸಿ, ಹೊಸ ಹೆಸರಿನಲ್ಲಿ ಫಿಫ್ (ಎಂಎನ್ಇ ಬಳಸುವ ಫೈಲ್ ಬಗೆ) ಫೈಲಾಗಿ ಸೇವ್ ಮಾಡಿ, ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ರಾ ಇರಲಿ. ಫೈಲಿನ ಹೆಸರಲ್ಲೇ ರೋಗಿಯ ಹೆಸರಿರುವುದು ನಮ್ಮಲ್ಲಿ ತೀರಾ ಮಾಮೂಲು, ಅದನ್ನೂ ನೋಡಿ. ರೆಕಾರ್ಡಿಂಗ್ ನಡುವೆ ಟೆಕ್ನಿಷಿಯನ್ ಟೈಪ್ ಮಾಡಿದ ಟಿಪ್ಪಣಿಗಳನ್ನು ಒಂದೊಂದಾಗಿ ಪ್ರಿಂಟ್ ಮಾಡಿ ಓದಿ, ಅಲ್ಲಿ ಹೆಸರು, ಫೋನ್ ನಂಬರ್ ಏನಾದರೂ ಇದ್ದರೆ ಅಳಿಸಿ. ಹೊಸ ಫೈಲನ್ನು ಮತ್ತೆ ತೆರೆದು ಇನ್ಫೋ ಪ್ರಿಂಟ್ ಮಾಡಿ. ರೋಗಿಯ ಹೆಸರು, ಹುಟ್ಟಿದ ದಿನಾಂಕ, ರೆಕಾರ್ಡಿಂಗ್‌ನ ನಿಜವಾದ ದಿನಾಂಕ ಮೂರೂ ಹೋಗಿವೆ ಅಂತ ಕಂಡ ಮೇಲೆಯೇ ಫೈಲ್ ಲ್ಯಾಬಿನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಲಿ.